ನೆರಳು ಸರಿದ ಮೇಲೆ

೧೯೩೯ರ ಏಪ್ರಿಲ್ ಕೊನೆಯ ವಾರ. ಪುಣೆಯ ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯ ಮೇಲಂತಸ್ತಿನಲ್ಲಿ ಮಾರ್ತಾಂಡ ಗಲಗಲಿ, ಅವನ ಹೆಂಡತಿ ಶಾಮಲಾ ಮತ್ತು ಎರಡು ವರ್ಷ ಮೂರು ತಿಂಗಳಿನ ಮಗಳು ಇಂದೂ ಇದ್ದರು. ಮೂಲ ಊರು ಧಾರವಾಡ. ಪುಣೆಗೆ ಬಂದು ಆರು ವರ್ಷವಾಗಿತ್ತು. ಬಾವಿಯಿಂದ ನೀರೆತ್ತುವ ಎಂಜಿನ್ನುಗಳನ್ನು ರೈತರಿಗೆ ಮಾರುವ ಕಂಪನಿಯೊಂದರಲ್ಲಿ ಮಾರ್ತಾಂಡನಿಗೆ ಕೆಲಸ. ಬಾರಾಮತಿ, ಶಿರೂರು, ಇಂದಾಪುರ ಎಂದು ವಾರದಲ್ಲಿ ನಾಲ್ಕು ದಿನ ತಿರುಗಾಟ. ಅದಕ್ಕಾಗಿ ಕಂಪನಿ ಅವನಿಗೆ ಒಂದು ಮೋಟಾರು ಕೊಟ್ಟಿತ್ತು. ಮೊದಲು ಇದ್ದದ್ದು ಕ್ಯಾನ್ವಾಸಿನ ಹುಡ್ ಇದ್ದ ತೆರೆದ ಗಾಡಿ. ಸಂಜೆ ಮನೆಗೆ ಬರುವಷ್ಟರಲ್ಲಿ ಹುಬ್ಬು, ಮೀಸೆ ಎಲ್ಲ ಕೆಂಪು ಮಣ್ಣು. ಜನವರಿಯಲ್ಲಿ ಅದರ ಬದಲು ಸುತ್ತಲೂ ಗಾಜು, ಮೇಲೆ ತಗಡಿನ ಮಾಡು ಇದ್ದ ಮುಚ್ಚಿದ ಗಾಡಿ ಬಂತು. ವಾಡೆಯ ಜನ ಬಂದು ಗಾಜನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಹೋದರು. ಇನ್ನು ಧೂಳಿನ ಕಾಟವಿಲ್ಲ ಎಂದು ಶಾಮಲಾಗೂ ಸಮಾಧಾನವಾಗಿತ್ತು.

ಆ ವಾರ ಶಾಮಲಾಳಿಗೆ ಶಿಕ್ಷಕಿಯರ ತರಬೇತಿ ಪರೀಕ್ಷೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಮತ್ತೆ ಮಧ್ಯಾಹ್ನ ಎರಡರಿಂದ ಐದು. ಇಂದೂನನ್ನು ದಿನವೂ ನೋಡಿಕೊಳ್ಳುತ್ತಿದ್ದವರು ಅದೇ ವಾಡೆಯ ಕೆಳಮನೆಯ ಕೃಷ್ಣಾಬಾಯಿ, ಐವತ್ತೈದು ದಾಟಿದ ವಿಧವೆ. ಆದರೆ ಆ ನಾಲ್ಕು ದಿನ ಅವರು ತಮ್ಮನ ಮಗನ ಮುಂಜಿಗೆಂದು ರಾಸ್ತಾ ಪೇಠೆಯಲ್ಲಿದ್ದರು. ಕೂಸನ್ನು ಅಲ್ಲಿಗೇ ತಂದುಬಿಡಿ, ಮುಂಜಿ ಮನೆಯಲ್ಲಿ ಹತ್ತು ಮಕ್ಕಳಿರುತ್ತವೆ, ಆಡಿಕೊಂಡಿರುತ್ತಾಳೆ ಎಂದು ಅವರೇ ಹೇಳಿ ಹೋಗಿದ್ದರು. ಮಾರ್ತಾಂಡನ ಆಫೀಸು ದಂಡು ಪ್ರದೇಶದ ಕ್ಯಾಂಪಿನಲ್ಲಿ. ಹೋಗುವ ದಾರಿಯಲ್ಲಿ ಕ್ವಾರ್ಟರ್ ಗೇಟಿನ ಬಳಿ ಎಡಕ್ಕೆ ಹೊರಳಿದರೆ ರಾಸ್ತಾ ಪೇಠೆ. ಇಂದೂನನ್ನು ಅವನೇ ಬಿಟ್ಟು ಹೋಗುವುದೆಂದು ನಿಶ್ಚಯವಾಯಿತು.

ಹಿಂದಿನ ರಾತ್ರಿ ಸೆಕೆಗೆ ಕೂಸು ಮಲಗಿರಲಿಲ್ಲ. ಬೆಳಕು ಹರಿಯುವಾಗ ಕಣ್ಣು ಮುಚ್ಚಿದ್ದು, ಏಳುವ ಲಕ್ಷಣವೇ ಇರಲಿಲ್ಲ. ಶಾಮಲಾ ಏಳೂವರೆಗೇ ಹೊರಟಳು. ಚಪ್ಪಲಿ ಮೆಟ್ಟುತ್ತ, ಎದ್ದ ಕೂಡಲೇ ಹಾಲು ಕೇಳುತ್ತಾಳೆ, ಕೃಷ್ಣಾಬಾಯಿಯವರಿಗೆ ಹೇಳಿರಿ ಎಂದಳು. ಮಾರ್ತಾಂಡ ಹೂಂಗುಟ್ಟಿದ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಮುಂಬಯಿಯಿಂದ ಕಂಪನಿಯ ಮಾಲಿಕ ಹರಿಶ್ಚಂದ್ರ ಸೇಠರು ಅಂದು ಬರುವವರಿದ್ದರು. ಹೊಸ ಎಂಜಿನ್ನಿನ ಬಗ್ಗೆ ಅವರಿಗೆ ಏನು ಹೇಳಬೇಕು, ಗಂಟೆಗೆ ಎಷ್ಟು ನೀರು ಎತ್ತುತ್ತದೆ, ಶಿರೂರಿನ ಕಬ್ಬಿನ ರೈತರು ಯಾಕೆ ಹಿಂದೇಟು ಹಾಕುತ್ತಿದ್ದಾರೆ, ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಮಲಗಿದ್ದ ಇಂದೂನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಹಿಂದಿನ ಸೀಟಿನ ಮೇಲೆ ಮಲಗಿಸಿ, ಶಾಮಲಾಳ ಹಳೆಯ ಮೆತ್ತನೆಯ ಸೀರೆಯನ್ನು ಹೊದಿಸಿದ. ಲಕ್ಷ್ಮೀ ರಸ್ತೆಯುದ್ದಕ್ಕೂ ಎರಡು ಸಲ ತಿರುಗಿ ನೋಡಿದ. ಕೂಸು ಬಾಯಿ ಅರೆತೆರೆದು ನಿದ್ದೆ ಮಾಡುತ್ತಿತ್ತು.

ಕ್ವಾರ್ಟರ್ ಗೇಟಿನ ಬಳಿ ಅಚ್ಚು ಮುರಿದ ಒಂದು ಎತ್ತಿನ ಚಕ್ಕಡಿ ಎಡದ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಟಾಂಗಾದವರು ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು. ಪೊಲೀಸನೊಬ್ಬ ಕೈ ಬೀಸಿ ಎಲ್ಲರನ್ನೂ ನೇರವಾಗಿ ಕಳಿಸುತ್ತಿದ್ದ. ಮಾರ್ತಾಂಡನೂ ನೇರ ಹೋದ. ಮುಂದೆ ಹೋಗಿ ತಿರುಗಿಸಿಕೊಂಡು ಬಂದರಾಯಿತು ಎಂದುಕೊಂಡ. ಆದರೆ ಆ ನೇರ ರಸ್ತೆ ಆರು ವರ್ಷದಿಂದ ಅವನು ಆಫೀಸಿಗೆ ಹೋಗುತ್ತಿದ್ದ ರಸ್ತೆ. ಕೈಗಳು ತಾವೇ ಚಕ್ರ ತಿರುಗಿಸಿದವು, ಕಾಲು ತಾನೇ ಬ್ರೇಕು ಒತ್ತಿತು. ಹಿಂದಿನ ಸೀಟಿನಿಂದ ಒಂದು ಸದ್ದೂ ಇರಲಿಲ್ಲ. ತಿರುಗಿಸಿಕೊಳ್ಳಬೇಕೆಂಬ ಮಾತು ಎಲ್ಲಿ ಜಾರಿಹೋಯಿತೋ ಅವನಿಗೆ ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಫೀಸಿನ ಹಿಂದಿನ ಬಯಲಿನಲ್ಲಿ ಒಂದು ದೊಡ್ಡ ಹುಣಸೆಮರ. ಗಾಡಿಯನ್ನು ಅದರ ನೆರಳಿಗೆ ನಿಲ್ಲಿಸಿದ. ಪಕ್ಕದ ರಸ್ತೆಯಲ್ಲಿ ಕೂಲಿಯವರು ಜಲ್ಲಿ ಒಡೆಯುತ್ತಿದ್ದರು; ಗಿಡ್ಡ ಗೋಡೆ ದಾಟಿ ಧೂಳು ಬರುತ್ತಿತ್ತು. ಹೊಸ ಗಾಡಿ, ಮುಂದಿನ ಸೀಟಿನಲ್ಲಿ ಎಂಜಿನ್ನಿನ ಬಿಡಿಭಾಗದ ಪೆಟ್ಟಿಗೆ. ಹಿಂದಿನ ಗಾಜುಗಳು ಮೊದಲೇ ಮುಚ್ಚಿದ್ದವು; ಕೈ ಚಾಚಿ ಮುಂದಿನ ಎರಡನ್ನೂ ಮೇಲಕ್ಕೆ ತಿರುಗಿಸಿದ. ಕೀಲಿ ಹಾಕಿ, ಎಳೆದು ನೋಡಿ, ಒಳಗೆ ಹೋದ. ಎಂಟು ಮುಕ್ಕಾಲು ಗಂಟೆ.

ಸೇಠರು ಆಗಲೇ ಬಂದು ಕೂತಿದ್ದರು. ಬಿಸಿಲು ಏರುವ ಮುಂಚೆ ಶಿರೂರಿಗೆ ಹೋಗಿ ಆ ರೈತರನ್ನೇ ನೋಡೋಣ, ನನ್ನ ಗಾಡಿಯಲ್ಲೇ ನಡೆಯಿರಿ ಎಂದರು. ಚಹ ಕುಡಿದು ಒಂಬತ್ತೂ ಕಾಲಿಗೆ ಮುಂಬಾಗಿಲಿನಿಂದಲೇ ಹೊರಟರು. ಡ್ರೈವರ್ ಮಧುಕರ ಶಿರೂರಿನ ರಸ್ತೆ ಹಿಡಿದ.

ಯೆರವಡೆ, ವಾಘೋಲಿ ದಾಟಿತು. ಸೇಠರು ಒಳ್ಳೆಯ ಮಾತುಗಾರರು. ಎಂಜಿನ್ನಿನ ಮಾತು ಮುಗಿದ ಮೇಲೆ ಮನೆಯ ಮಾತಿಗೆ ಬಂದರು. ಎಷ್ಟು ಮಕ್ಕಳು ಎಂದು ಮರಾಠಿಯಲ್ಲಿ ಕೇಳಿದರು. ಒಬ್ಬಳೇ ಮಗಳು, ಇನ್ನೂ ಸಣ್ಣವಳು ಎಂದ ಮಾರ್ತಾಂಡ. ಹೆಂಡತಿಗೆ ಪರೀಕ್ಷೆ ಅಂದಿರಲ್ಲ, ಮತ್ತೆ ಕೂಸನ್ನು ನೋಡಿಕೊಳ್ಳುವವರು ಯಾರು ಎಂದರು ಸೇಠರು.

“ನಮ್ಮ ಕೆಳಮನೆಯವರು ಒಬ್ಬರಿದ್ದಾರೆ. ಬೆಳಿಗ್ಗೆ ಅವರ ಹತ್ತಿರ…” ಎಂದು ಮಾರ್ತಾಂಡ ಶುರುಮಾಡಿದ.

ಮಾತು ಅಲ್ಲಿಗೇ ನಿಂತಿತು. ಕೃಷ್ಣಾಬಾಯಿಯವರ ಮುಖ ನೆನಪಿಗೆ ತಂದುಕೊಳ್ಳಲು ನೋಡಿದ. ಬಾಗಿಲು ತೆರೆದವರು ಯಾರು? ಮುಂಜಿ ಮನೆಯ ಹಂದರ ಎಲ್ಲಿತ್ತು? ಹಾಲಿನ ಮಾತು ಯಾರಿಗೆ ಹೇಳಿದೆ? ಒಂದೂ ಬರಲಿಲ್ಲ. ಬಂದದ್ದು ಒಂದೇ: ಗಾಜು ತಿರುಗಿಸುವ ಹಿಡಿಕೆ ಕೊನೆ ಮುಟ್ಟಿದಾಗ ಕೈಗೆ ಹತ್ತಿದ ಬಿಗಿ.

“ಗಾಡಿ ನಿಲ್ಲಿಸು,” ಎಂದ. ಅದು ಕನ್ನಡದಲ್ಲಿ ಬಂತು. ಮಧುಕರನಿಗೆ ತಿಳಿಯಲಿಲ್ಲ. ಮಾರ್ತಾಂಡ ಕಿಸೆಯಿಂದ ಕೀಲಿ ತೆಗೆದು ಅದನ್ನೇ ನೋಡುತ್ತಿದ್ದ. ಸೇಠರು ಅವನ ಮೊಣಕೈ ಹಿಡಿದು ಏನಾಯಿತೆಂದು ಕೇಳಿದರು. ಮಗಳು ಗಾಡಿಯಲ್ಲಿದ್ದಾಳೆ, ಆಫೀಸಿನ ಹಿಂದೆ, ಕೀಲಿ ಹಾಕಿದ್ದೇನೆ ಎಂದು ಅವನು ಬಿಡಿಬಿಡಿಯಾಗಿ ಹೇಳಿದ. ತಿರುಗಿಸು, ಜೋರಾಗಿ ಹೊಡಿ ಎಂದಷ್ಟೇ ಸೇಠರು ಮಧುಕರನಿಗೆ ಹೇಳಿದರು. ಹತ್ತು ಗಂಟೆ ಹತ್ತು ನಿಮಿಷವಾಗಿತ್ತು. ದಾರಿಯ ಕೋರೆಗಾವ್ ಊರು ಇನ್ನೊಂದು ಮೈಲಿ ದೂರವಿತ್ತು.

ಹಿಂದಿರುಗುವ ಆ ಹದಿನೈದು ಮೈಲಿ ಮಾರ್ತಾಂಡ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ನೆರಳಿದೆಯಲ್ಲ, ಹುಣಸೆಯ ನೆರಳು ದಟ್ಟವಾಗಿದೆ ಎಂದುಕೊಂಡ. ಮರುಕ್ಷಣವೇ ಆ ನೆರಳು ದಿನವೂ ಎಲ್ಲೆಲ್ಲಿ ಬೀಳುತ್ತದೆಂದು ನೆನಪು ಮಾಡಿಕೊಂಡ. ಬೆಳಿಗ್ಗೆ ಅದು ಗೋಡೆಯ ಕಡೆಗೆ ಇರುತ್ತದೆ. ಹತ್ತರ ಹೊತ್ತಿಗೆ ಬುಡದ ಕಡೆಗೆ ಸರಿಯುತ್ತದೆ. ಗೋಡೆಯ ಬದಿಗೆ ನಿಲ್ಲಿಸಿದ ಗಾಡಿಯ ಮೇಲೆ ಆಗ ಪೂರ್ತಿ ಬಿಸಿಲು. ಮಧ್ಯಾಹ್ನ ಆ ಗಾಡಿಯ ಬಾಗಿಲು ಮುಟ್ಟಿ ಎಷ್ಟೋ ಸಲ ಅವನು ಕೈ ಹಿಂದಕ್ಕೆ ತೆಗೆದುಕೊಂಡಿದ್ದ.

ವಾಘೋಲಿಯ ಹತ್ತಿರ ಕುರಿಯ ಹಿಂಡು ರಸ್ತೆ ತುಂಬಿತ್ತು. ಮಧುಕರ ಹಾರ್ನು ಒತ್ತಿದಷ್ಟೂ ಅವು ಒಂದಕ್ಕೊಂದು ಅಂಟಿಕೊಂಡು ನಿಂತವು. ಮಾರ್ತಾಂಡ ಕೆಳಗಿಳಿದು ಕೈಯಿಂದಲೇ ಅವುಗಳನ್ನು ತಳ್ಳಿದ. ಯೆರವಡೆಯಲ್ಲಿ ಸೇಠರು ಒಂದು ಮಳಿಗೆಯ ಮುಂದೆ ಗಾಡಿ ನಿಲ್ಲಿಸಿ, ಇಲ್ಲಿಂದ ಆಫೀಸಿಗೆ ಫೋನು ಮಾಡಿ, ಯಾರಾದರೂ ಗಾಜು ಒಡೆಯಲಿ ಎಂದರು. ಅವನಿಗೆ ಅದು ಹೊಳೆದೇ ಇರಲಿಲ್ಲ. ಒಳಗೆ ಓಡಿದ. ಎಕ್ಸ್‌ಚೇಂಜಿನವಳು ನಂಬರು ಕೇಳಿ, ಲೈನು ಖಾಲಿ ಇಲ್ಲ ಎಂದಳು. ಮತ್ತೆ ಕೇಳಿದ, ಮತ್ತೆ ಅದೇ. ಮೂರು ನಿಮಿಷ ಕಳೆದವು. ಅಲ್ಲಿ ನಿಂತದ್ದು ತಪ್ಪಾಯಿತೋ, ಬಿಟ್ಟು ಹೊರಟರೆ ತಪ್ಪಾಗುತ್ತದೋ ತಿಳಿಯದೆ ರಿಸೀವರನ್ನು ಮೇಜಿನ ಮೇಲೆಯೇ ಬಿಟ್ಟು ಗಾಡಿಗೆ ಬಂದ.

ಆಫೀಸು ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ ಹಿಂದಿನ ಬಯಲಿಗೆ ಓಡಿದ.

ಮೋಟಾರಿನ ಮೇಲೆ ಬಿಸಿಲು ಸುರಿಯುತ್ತಿತ್ತು. ಹಿಂದಿನ ಬಾಗಿಲಿನ ಗಾಜು ಒಡೆದಿತ್ತು. ಬಾಗಿಲು ತೆರೆದೇ ಇತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ. ಶಾಮಲಾಳ ಹಳೆಯ ಸೀರೆ ಸೀಟಿನ ಕೆಳಗೆ ಮುದ್ದೆಯಾಗಿ ಬಿದ್ದಿತ್ತು. ಎತ್ತಿದ, ಒದ್ದೆಯಾಗಿತ್ತು. ಬಾಗಿಲಿನ ಅಂಚಿಗೆ ರಕ್ತ ಬಳಿದುಕೊಂಡಿತ್ತು.

ಆಫೀಸಿನ ಕಾವಲುಗಾರ ಅವನನ್ನು ನೋಡಿ ಓಡಿ ಬಂದ. ಸಾಹೇಬರೇ, ನಾನು ಮುಂಬಾಗಿಲಲ್ಲಿದ್ದೆ, ಸದ್ದು ಕೇಳಿ ಬರುವಷ್ಟರಲ್ಲಿ ರಸ್ತೆ ಕೆಲಸದ ಒಬ್ಬ ಹೆಂಗಸು ಗಾಜು ಒಡೆದು ಏನೋ ಗಂಟು ಎತ್ತಿಕೊಂಡು ಓಡಿದಳು, ಪೊಲೀಸ್ ಚೌಕಿಗೆ ತಿಳಿಸಿದ್ದೇನೆ, ಹಿಡಿದು ತರುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಆ ಗಂಟು ಅಳುತ್ತಿತ್ತೇ ಎಂದು ಮಾರ್ತಾಂಡ ಕೇಳಿದ. ಕಾವಲುಗಾರನಿಗೆ ಆ ಮಾತು ಅರ್ಥವಾಗಲಿಲ್ಲ.

ಗೋಡೆಯಾಚೆ ಸುತ್ತಿಗೆಗಳ ಸದ್ದು ನಿಂತಿತ್ತು. ಐದಾರು ಹೆಂಗಸರು ಈ ಕಡೆಗೇ ನೋಡುತ್ತಿದ್ದರು. ಅವರ ಮಾತು ಕಿವಿಗೆ ಬಿತ್ತು. ಕನ್ನಡ. ಮಾರ್ತಾಂಡ ಗೋಡೆಗೆ ಎದೆಯೊತ್ತಿ, “ನನ್ನ ಮಗಳು ಎಲ್ಲಿ?” ಎಂದ.

ಅವರಲ್ಲಿ ಹಿರಿಯಳೊಬ್ಬಳು ಎದ್ದು ಬಂದಳು. ಹೆಸರು ಶಿವಗಂಗವ್ವ ಎಂದು ಆಮೇಲೆ ತಿಳಿಯಿತು. ಅವಳ ಸೊಂಟದ ಮೇಲೆ ನಾಲ್ಕೈದು ತಿಂಗಳ ಒಂದು ಕೂಸಿತ್ತು.

“ನಿಮ್ಮದೇನ್ರಿ ಅದು?” ಎಂದಳು. “ನಮ್ಮ ಕಲ್ಲವ್ವ ಎತಗೊಂಡು ದವಾಖಾನಿಗೆ ಹೋಗ್ಯಾಳ. ಮಾರ್ಕೆಟ್ಟಿನ ಹಿಂದ ಬಾಯಾರ ದವಾಖಾನಿ ಐತೆಲ್ಲ, ಅಲ್ಲಿಗೆ.”

“ಉಸಿರಿತ್ತೇನವ್ವ?”

“ಇತ್ರಿ. ಕಣ್ಣ ತೆರೀಲಿಲ್ಲ.”

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅವನು ಆಗಲೇ ಓಡುತ್ತಿದ್ದ.

ಅದು ಹೆಂಗಸರ ಮತ್ತು ಮಕ್ಕಳ ಧರ್ಮಾರ್ಥ ದವಾಖಾನೆ. ಒಳಗಿನ ಕೋಣೆಯಲ್ಲಿ ಒಂದು ತಗಡಿನ ತೊಟ್ಟಿ. ಅದರಲ್ಲಿ ನೀರು, ನೀರಿನಲ್ಲಿ ಮಂಜುಗಡ್ಡೆಯ ತುಂಡುಗಳು. ಇಂದೂನನ್ನು ಅದರಲ್ಲಿ ಮಲಗಿಸಿ, ತಲೆಯನ್ನು ಒಬ್ಬ ನರ್ಸು ಎತ್ತಿ ಹಿಡಿದಿದ್ದಳು. ಕೂಸಿನ ಮೈ ಕೆಂಪಗೆ, ಒಣಗಿ, ಬೇರೆ ಯಾರದೋ ಕೂಸಿನಂತೆ ಕಾಣುತ್ತಿತ್ತು. ತುಟಿ ಒಡೆದಿತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಅದರ ಕೈಕಾಲು ಸೆಟೆದು ನಡುಗತೊಡಗಿದವು. ನರ್ಸು ಬಾಯಿಯಲ್ಲಿ ಏನೂ ಸಿಕ್ಕದಂತೆ ತಲೆಯನ್ನು ಪಕ್ಕಕ್ಕೆ ಹೊರಳಿಸಿದಳು.

ಡಾಕ್ಟರ್ ಪಂಕಜಾಕ್ಷಿ ಮಂಗಳೂರಿನ ಕಡೆಯವರು. ನಡುಕ ನಿಂತ ಮೇಲೆ ಅವನತ್ತ ತಿರುಗಿ, ತಂದೆಯೇ ಎಂದು ಕೇಳಿದರು. ಹೌದೆಂದ.

“ಮಗು ಎಷ್ಟು ಹೊತ್ತು ಒಳಗಿತ್ತು? ನನಗೆ ಸರಿಯಾಗಿ ಹೇಳಿ. ಜ್ವರ ನೂರಾ ಆರು ದಾಟಿದೆ.”

ಹತ್ತು ನಿಮಿಷ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಎಲ್ಲಿಂದ ಬಂತೋ, ಬಂದದ್ದು ನಿಜ.

“ಎಂಟು ಮುಕ್ಕಾಲರಿಂದ,” ಎಂದ.

ಡಾಕ್ಟರು ಅವನನ್ನು ಬೈಯಲಿಲ್ಲ. ಕೋಟು ತೆಗೆದು ತೋಳು ಮಡಚಿ, ತೊಟ್ಟಿಯ ಪಕ್ಕ ಕೂತು ಕಾಲುಗಳನ್ನು ಮೆಲ್ಲಗೆ ಉಜ್ಜುತ್ತಿರಿ, ನಿಲ್ಲಿಸಬೇಡಿ ಎಂದರು. ಬದುಕುತ್ತಾಳೆಯೇ ಎಂದು ಅವನು ಕೇಳಿದ. ಸಂಜೆಯವರೆಗೆ ಏನೂ ಹೇಳಲಾರೆ ಎಂದರು. ತಂದ ಬರ್ಫ ಅರ್ಧ ಗಂಟೆಯಲ್ಲಿ ಕರಗಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಹರಿಶ್ಚಂದ್ರ ಸೇಠರು ವಿಷಯ ತಿಳಿದು, ಮಧುಕರನನ್ನು ಬರ್ಫದ ಕಾರ್ಖಾನೆಗೆ ಅಟ್ಟಿದರು. ಗೋಣಿಚೀಲದಲ್ಲಿ ಸುತ್ತಿದ ಗಡ್ಡೆಗಳನ್ನು ಮಧುಕರ ಹೆಗಲ ಮೇಲೆ ಹೊತ್ತು ತಂದ. ಸೇಠರು ಆಮೇಲೆ ರಾಸ್ತಾ ಪೇಠೆಗೆ ಹೋಗಿ, ಪರೀಕ್ಷೆ ಮುಗಿಸಿ ಅಲ್ಲಿಗೇ ಬರುವ ಶಾಮಲಾಳನ್ನು ಕರೆತರಲು ತಾವೇ ಹೊರಟರು.

ಮಾರ್ತಾಂಡ ಇಂದೂನ ಪಾದಗಳನ್ನು ಉಜ್ಜುತ್ತ ಕೂತಿದ್ದ. ತೆರೆದ ಕಿಟಕಿಯಿಂದ ಹೊರಗಿನ ಪಡಸಾಲೆ ಕಾಣುತ್ತಿತ್ತು. ಅಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೈದರೊಳಗಿನ ವಯಸ್ಸು, ಕೂದಲ ತುಂಬ ಜಲ್ಲಿಯ ಧೂಳು. ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಬಟ್ಟೆಯ ಮೇಲೆ ರಕ್ತ ಇಳಿದಿತ್ತು. ಅವಳೇ ಕಲ್ಲವ್ವ ಎಂದು ಅವನಿಗೆ ಗೊತ್ತಾಯಿತು. ಎದ್ದು ಹೋಗಿ ಮಾತಾಡಿಸಬೇಕೆಂದುಕೊಂಡ. ಅಷ್ಟರಲ್ಲಿ ಕಾವಲುಗಾರನೂ ಒಬ್ಬ ಪೊಲೀಸನೂ ಮೆಟ್ಟಿಲು ಹತ್ತಿದರು. ಇವಳೇ ಎಂದ ಕಾವಲುಗಾರ. ಪೊಲೀಸ ಮರಾಠಿಯಲ್ಲಿ ಏನೇನೋ ಕೇಳಿದ. ಕಲ್ಲವ್ವನಿಗೆ ಮರಾಠಿ ಅರೆಬರೆ. ಕೂಸು, ಕೂಸು ಎಂದು ಒಳಗೆ ಬೊಟ್ಟು ಮಾಡಿ ತೋರಿಸಿದಳು. ಅವನು ಅದನ್ನು ನೋಡಲಿಲ್ಲ. ಗಾಜು ಒಡೆದದ್ದು ನೀನೇ ತಾನೆ, ಚೌಕಿಗೆ ನಡೆ, ಅಲ್ಲಿ ಹೇಳು ಎಂದ.

ಮಾರ್ತಾಂಡನಿಗೆ ಎಲ್ಲವೂ ಕೇಳಿಸಿತು. ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಸಿನ ಕಾಲು ಬಿಡಬಾರದೆಂದು ಡಾಕ್ಟರು ಹೇಳಿದ್ದಾರಲ್ಲ ಎಂದುಕೊಂಡ. ಅದು ಸುಳ್ಳೆಂದು ಅವನಿಗೆ ಆಗಲೇ ಗೊತ್ತಿತ್ತು. ಪಡಸಾಲೆಯಲ್ಲಿ ಹತ್ತಾರು ಜನ ಸೇರಿದ್ದರು. ಅವರೆದುರು, ಪೊಲೀಸನೆದುರು, ಕೂಸನ್ನು ಒಳಗಿಟ್ಟು ಕೀಲಿ ಹಾಕಿದವನು ನಾನು ಎಂದು ಹೇಳಬೇಕಾಗಿತ್ತು. ತಲೆ ತಗ್ಗಿಸಿ ಪಾದ ಉಜ್ಜುತ್ತಲೇ ಇದ್ದ. ಮತ್ತೆ ನೋಡಿದಾಗ ಪಡಸಾಲೆಯಲ್ಲಿ ಅವಳಿರಲಿಲ್ಲ.

ಹನ್ನೆರಡರ ಮೇಲೆ ಶಾಮಲಾ ಬಂದಳು. ಶಾಯಿ ತಾಗಿದ ಬೆರಳು, ಕೈಯಲ್ಲಿ ಪರೀಕ್ಷೆಯ ರಟ್ಟು. ಕೂಸಿಗೆ ಉಷ್ಣವಾಗಿದೆ ಎಂದಷ್ಟೇ ಸೇಠರು ಅವಳಿಗೆ ಹೇಳಿದ್ದರು. ತೊಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ರಟ್ಟನ್ನು ನೆಲದ ಮೇಲಿಟ್ಟು ಇಂದೂನ ಹಣೆಗೆ ಕೈ ಇಟ್ಟಳು.

ಅವನು ಹೇಳಿದ. ಚಕ್ಕಡಿ ಅಡ್ಡ ನಿಂತಿದ್ದರಿಂದ ಹಿಡಿದು, ಶಿರೂರಿನ ರಸ್ತೆಯವರೆಗೆ ಎಲ್ಲವನ್ನೂ. ಹೇಳುವಾಗ ಅವಳ ಮುಖ ನೋಡಲಿಲ್ಲ. ನರ್ಸು ನೀರು ಬದಲಿಸಿದಳು. ಡಾಕ್ಟರು ಬಂದು ಥರ್ಮಾಮೀಟರು ನೋಡಿ, ನೂರಾ ಮೂರು, ಇಳಿಯುತ್ತಿದೆ ಎಂದು ಹೋದರು.

“ಯಾರು ತೆಗದರು ಇಕೀನ್ನ ಹೊರಗ?” ಎಂದು ಶಾಮಲಾ ಕೇಳಿದಳು.

“ರಸ್ತೆ ಕೆಲಸದಾಕಿ ಒಬ್ಬಾಕಿ. ನಮ್ಮ ಕಡೆಯಾಕೀನ. ಕಲ್ಲವ್ವ ಅಂತ.”

“ಎಲ್ಲಿದ್ದಾಳ?”

“ಗಾಜು ಒಡದಾಳಂತ ಪೊಲೀಸರು ಕರಕೊಂಡು ಹೋದರು.”

“ನೀವು ಎಲ್ಲಿದ್ರಿ?”

“ಇಲ್ಲೇ.”

ಶಾಮಲಾ ಇಂದೂನ ಪಾದಗಳನ್ನು ಅವನ ಕೈಯಿಂದ ತೆಗೆದುಕೊಂಡಳು. “ನಾ ತಿಕ್ಕತೀನಿ,” ಎಂದಳು. “ನೀವು ಮೊದಲ ಹೋಗಿ ಆಕೀನ್ನ ಬಿಡಿಸಿಕೊಂಡು ಬರ್ರಿ.”

ಚೌಕಿ ಎರಡು ಓಣಿಯಾಚೆ. ಕಲ್ಲವ್ವ ಬಾಗಿಲ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಕುಪ್ಪಸದ ಎದೆ ಹಾಲಿನಿಂದ ಒದ್ದೆಯಾಗಿತ್ತು. ಮಾರ್ತಾಂಡ ಫೌಜದಾರನ ಮುಂದೆ ನಿಂತು, ಆ ಗಾಡಿ ನನ್ನದು, ಒಳಗಿದ್ದದ್ದು ನನ್ನ ಮಗಳು, ಈಕೆ ಗಾಜು ಒಡೆಯದಿದ್ದರೆ ಅವಳು ಸಾಯುತ್ತಿದ್ದಳು ಎಂದು ಮರಾಠಿಯಲ್ಲಿ ಹೇಳಿದ. ಫೌಜದಾರ ವಯಸ್ಸಾದವನು, ಮನುಷ್ಯ ಒಳ್ಳೆಯವನೇ. ಕುರ್ಚಿ ಎಳೆದು ಕೂರಿಸಿದ. ದೂರು ಬರೆದಾಗಿದೆ, ಮುಚ್ಚಬೇಕೆಂದರೆ ನೀವು ಬರವಣಿಗೆಯಲ್ಲಿ ಕೊಡಬೇಕು ಎಂದ. ಆಮೇಲೆ ದನಿ ತಗ್ಗಿಸಿ, ಕೂಸು ಆಡುತ್ತ ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು ಎಂದು ಬರೆಯಿರಿ, ಮರ್ಯಾದಸ್ಥರು, ನಾಳೆ ಕೂಸಿಗೆ ಏನಾದರೂ ಆದರೆ ಈ ಕಾಗದ ನಿಮಗೇ ಉರುಳಾಗುತ್ತದೆ ಎಂದ.

ಮಾರ್ತಾಂಡ ಲೇಖಣಿ ಹಿಡಿದು ಕೂತ. ಫೌಜದಾರ ಹೇಳಿದ್ದು ಸುಲಭವಾಗಿತ್ತು. ಯಾರಿಗೂ ಕೇಡಿರಲಿಲ್ಲ; ಕಲ್ಲವ್ವನೂ ಬಿಡುಗಡೆಯಾಗುತ್ತಿದ್ದಳು. ಆದರೆ ಎರಡು ವರ್ಷದ ಕೂಸಿನ ಮೇಲೆ ಅದನ್ನು ಹೊರಿಸಲು ಅವನ ಕೈ ಏಳಲಿಲ್ಲ. ಬೆಳಿಗ್ಗೆ ಎಂಟು ಮುಕ್ಕಾಲಿಗೆ ನಾನೇ ಗಾಜು ಏರಿಸಿ ಕೀಲಿ ಹಾಕಿದೆ, ಮಗಳು ಹಿಂದೆ ಮಲಗಿರುವುದು ಮರೆತಿದ್ದೆ ಎಂದು ಬರೆದ. ಮರೆತಿದ್ದೆ ಎಂಬ ಪದ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಸಹಿ ಹಾಕಿದ.

ಹೊರಗೆ ಬಂದ ಕೂಡಲೇ ಕಲ್ಲವ್ವ ಓಡುವಂತೆ ನಡೆಯತೊಡಗಿದಳು. ಮಾರ್ತಾಂಡ ಟಾಂಗಾ ಕರೆದ. ಟಾಂಗಾದಲ್ಲಿ ಅವಳು ತುದಿಯಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಳು.

“ನನ್ನ ಕೂಸು ಜೋಳಗ್ಯಾಗೈತ್ರಿ,” ಎಂದಳು. “ಗಿಡಕ್ಕ ಕಟ್ಟಿನಿ. ಹೊತ್ತೇರಿದಂಗ ನಾನೇ ಜೋಳಗಿ ಸರಿಸಿ ಕಟ್ಟತಿದ್ನಿ. ಈಗ ಯಾರ ಸರಿಸ್ಯಾರೋ ಏನೋ.”

ಶಿವಗಂಗವ್ವ ಎತ್ತಿಕೊಂಡದ್ದನ್ನು ನಾನು ನೋಡಿದ್ದೇನೆ ಎಂದು ಅವನು ಹೇಳಿದ ಮೇಲೆ ಅವಳು ಸೀಟಿನ ಮೇಲೆ ಸರಿಯಾಗಿ ಕೂತಳು. ಆಮೇಲೆ ತಾನಾಗಿಯೇ ಹೇಳಿದಳು. ಹತ್ತೂವರೆಗೆ ಕೂಸನ್ನು ಮಲಗಿಸಿದ್ದ ಜೋಳಿಗೆ ಸರಿಸಲು ಗೋಡೆಯ ಹತ್ತಿರ ಬಂದಿದ್ದಳಂತೆ. ಮೋಟಾರಿನ ಒಳಗಿಂದ ಪರಚುವ ಸದ್ದು ಕೇಳಿ, ಬೆಕ್ಕು ಸಿಕ್ಕಿಕೊಂಡಿದೆ ಎಂದುಕೊಂಡಳಂತೆ. ಮರಳಿ ಕೆಲಸಕ್ಕೆ ಹೋಗಿ ಎರಡು ಕಲ್ಲು ಒಡೆದ ಮೇಲೆ ಮನಸ್ಸು ತಡೆಯದೆ ಗೋಡೆ ಹಾರಿ ಬಂದು ಇಣುಕಿದಳಂತೆ. ಸೀಟಿನ ಕೆಳಗೆ ಒಂದು ಸಣ್ಣ ಕೈ ಕಂಡಿತು. ಕಾವಲುಗಾರನನ್ನು ಕೂಗಿದಳು, ಯಾರೂ ಬರಲಿಲ್ಲ. ಸುತ್ತಿಗೆ ತಂದು ಹೊಡೆದಳು. ತೆಗೆದ ಕೂಡಲೇ ಕುದುರೆಗಳಿಗೆ ನೀರಿಡುವ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದಳು.

“ಆ ಎರಡ ಕಲ್ಲ ಯಾಕರ ಒಡದ್ನೋ ಅನಸಾಕತ್ತೈತ್ರಿ,” ಎಂದಳು.

ಟಾಂಗಾ ನಿಲ್ಲುತ್ತಲೇ ಅವಳು ಇಳಿದು, ಶಿವಗಂಗವ್ವನ ಕೈಯಿಂದ ಕೂಸನ್ನು ಕಸಿದುಕೊಂಡು, ಗೋಡೆಗೆ ಮುಖ ಮಾಡಿ ಕೂತು ಹಾಲೂಡತೊಡಗಿದಳು. ಮಾರ್ತಾಂಡ ಅವಳ ಬೆನ್ನಿಗೇ ಕೈ ಮುಗಿದು ಹಿಂದಿರುಗಿದ.

ಮಧ್ಯಾಹ್ನದ ಪರೀಕ್ಷೆಗೆ ಶಾಮಲಾ ಹೋಗಲಿಲ್ಲ. ಎರಡು ಗಂಟೆಗೆ ಇಂದೂಗೆ ಇನ್ನೊಮ್ಮೆ ನಡುಕ ಬಂತು, ಮೊದಲಿಗಿಂತ ಸಣ್ಣದು. ಆಮೇಲೆ ಬರಲಿಲ್ಲ. ತೊಟ್ಟಿಯಿಂದ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಸಿಗೆಗೆ ಹಾಕಿದರು. ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ಕೂತು ಬೀಸಣಿಗೆ ಬೀಸುತ್ತಿದ್ದರು. ಕೃಷ್ಣಾಬಾಯಿ ಮುಂಜಿ ಮನೆಯಿಂದ ಬಂದು ಬಾಗಿಲಲ್ಲಿ ಕೂತು ಜಪ ಮಾಡಿದರು. ಕೂಸು ಬರಲಿಲ್ಲವೆಂದು ಒಂಬತ್ತು ಗಂಟೆಗೇ ಒಬ್ಬರನ್ನು ಕಳಿಸಿ ಕೇಳಿಸಬೇಕಿತ್ತು, ಮನೆಯಲ್ಲೇ ಉಳಿಸಿಕೊಂಡಿರಬೇಕು ಅಂದುಕೊಂಡೆ ಎಂದು ಅವರೂ ಅತ್ತರು.

ನಾಲ್ಕೂವರೆಗೆ ಇಂದೂ ಕಣ್ಣು ತೆರೆದಳು. ಯಾರನ್ನೂ ಗುರುತಿಸಿದಂತೆ ಕಾಣಲಿಲ್ಲ. ಡಾಕ್ಟರು ಅವಳ ಮುಖದ ಮುಂದೆ ಬೆರಳು ಆಡಿಸಿದರು, ಕಣ್ಣು ಹಿಂಬಾಲಿಸಲಿಲ್ಲ. ಕಾಯೋಣ ಎಂದರು. ಶಾಮಲಾ ಚಮಚದಿಂದ ತುಟಿಗೆ ನೀರು ಹನಿಸಿದಳು. ಗಂಟಲು ನುಂಗಿತು. ಹತ್ತು ಚಮಚ, ಹನ್ನೆರಡು. ಹದಿಮೂರನೆಯದಕ್ಕೆ ಕೂಸು ಮುಖ ತಿರುಗಿಸಿ ಕಿರಿಕಿರಿಯಿಂದ, “ಬ್ಯಾಡ,” ಎಂದಿತು.

ಮಾರ್ತಾಂಡ ಹೊರಗೆ ಹೋಗಿ ಪಡಸಾಲೆಯ ಗೋಡೆಗೆ ಮುಖವಿಟ್ಟು ಅತ್ತ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಸುದ್ದಿ ಕ್ಯಾಂಪಿನಿಂದ ಪೇಠೆಗಳಿಗೆ ಹಬ್ಬಿತು. ಹೆತ್ತ ಮಗಳನ್ನು ಮರೆಯುವಂಥ ತಂದೆ ಎಂದು ವಾಡೆಯಲ್ಲಿ ಆಡಿಕೊಂಡರು. ಅವನು ಯಾರಿಗೂ ಎದುರಾಡಲಿಲ್ಲ. ಹದಿನೈದು ದಿನಗಳ ಹಿಂದೆ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತಾನೂ ಇದೇ ಮಾತು ಆಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಮುಚ್ಚಿದ ಗಾಡಿ ಇದ್ದ ಪರಿಚಯದವರು ಯಾರೇ ಸಿಗಲಿ, ನಡೆದದ್ದನ್ನು ಅವನೇ ಮೊದಲು ಹೇಳಿಬಿಡುತ್ತಿದ್ದ. ಗಾಡಿ ನಿಲ್ಲಿಸಿದ ಮೇಲೆ ಹಿಂದಿನ ಬಾಗಿಲು ತೆರೆದು ನೋಡದೆ ಹೋಗಬೇಡಿ, ನೆರಳು ಒಂದೇ ಕಡೆ ನಿಲ್ಲುವುದಿಲ್ಲ ಎನ್ನುತ್ತಿದ್ದ. ಕೆಲವರು ನಕ್ಕರು. ತಾವು ಅಂಥವರಲ್ಲ ಎಂದರು.

ನಾಲ್ಕನೆಯ ದಿನ ಇಂದೂನನ್ನು ದವಾಖಾನೆಯಿಂದ ಬಿಟ್ಟರು. ಎಡಗೈ ಸ್ವಲ್ಪ ಬಲವಿಲ್ಲದಂತಿತ್ತು. ಎಣ್ಣೆ ತಿಕ್ಕುತ್ತಿದ್ದರೆ ಸರಿಹೋಗಬಹುದು ಎಂದರು ಡಾಕ್ಟರು. ಸೇಠರು ಗಾಡಿ ಕಳಿಸುತ್ತೇನೆಂದಿದ್ದರು. ಶಾಮಲಾ ಬೇಡವೆಂದು ಟಾಂಗಾ ತರಿಸಿದಳು. ಇಂದೂನನ್ನು ಮಡಿಲಲ್ಲಿಟ್ಟುಕೊಂಡು ಅವಳು ಹಿಂದೆ ಕೂತಳು. ಆ ನಾಲ್ಕು ದಿನ ಅವಳು ಗಂಡನೊಡನೆ ಔಷಧ, ಹಾಲು, ಹೊತ್ತು, ಇಷ್ಟು ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವನು ಮುಂದೆ ಹತ್ತಿ ಟಾಂಗಾದವನ ಪಕ್ಕ ಕೂರಲು ಹೋದ.

“ಅಲ್ಲ್ಯಾಕ? ಇಲ್ಲಿ ಜಾಗ ಅದ,” ಎಂದಳು ಶಾಮಲಾ.

ಅವನು ಬಂದು ಪಕ್ಕದಲ್ಲಿ ಕೂತ. ಟಾಂಗಾ ಹೊರಟಿತು. ಕ್ವಾರ್ಟರ್ ಗೇಟು ದಾಟಿದ ಮೇಲೆ ಇಂದೂ ಕುದುರೆಯನ್ನು ನೋಡಬೇಕೆಂದು ಹೊರಳಾಡಿ, ಅಪ್ಪನ ಕಡೆಗೆ ಬಲಗೈ ಚಾಚಿದಳು. ಶಾಮಲಾಳ ತೋಳು ಕೂಸಿನ ಸುತ್ತ ಬಿಗಿಯಾಯಿತು. ಮಾರ್ತಾಂಡ ಕೈ ಚಾಚಲಿಲ್ಲ, ಕಾದ. ಕೂಸು ಮತ್ತೆ ಹೊರಳಾಡಿತು. ಸ್ವಲ್ಪ ದೂರ ಹೋದ ಮೇಲೆ ಶಾಮಲಾ ಅವಳನ್ನು ಎತ್ತಿ ಅವನ ಮಡಿಲಿಗೆ ಕೊಟ್ಟಳು. ಆದರೆ ಇಂದೂನ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ವಾಡೆಯ ಬಾಗಿಲು ಬರುವವರೆಗೂ ಅದನ್ನು ಬಿಡಲಿಲ್ಲ.